ಪ್ರದರ್ಶನವಿಲ್ಲದ ವಾರದ ಲಾಲ್‌ಬಾಗ್

ಬೆಂಗಳೂರಿನ ಕುಟುಂಬಗಳು ರಜೆಯ ದಿನ ಪಾರ್ಕಿಗೆಂದು ಹೊರಡುವಾಗ ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ಗಳಲ್ಲಿ ಯಾವುದಾದರೂ ಸರಿ ಎಂದುಕೊಳ್ಳುವುದು ವಾಡಿಕೆಯಾದರೂ, ಹುಟ್ಟಿನಲ್ಲಿಯೂ ಉದ್ದೇಶದಲ್ಲಿಯೂ ಅವೆರಡು ಬೇರೆ ಬೇರೆ ಬಗೆಯ ಉದ್ಯಾನಗಳು. ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ 1870ರಲ್ಲಿ ರೂಪುಗೊಂಡು, 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಅಧಿಕೃತ ಹೆಸರನ್ನು ಹೊತ್ತೂ ಜನರ ಬಾಯಲ್ಲಿ ಹಳೆಯ ಹೆಸರಿನಲ್ಲೇ ಉಳಿದಿರುವ ಕಬ್ಬನ್ ಪಾರ್ಕ್ ಒಂದು ವಿಹಾರೋದ್ಯಾನ, ಅಂದರೆ ನೆರಳಿನಲ್ಲಿ ನಡೆಯುವುದಕ್ಕೆ, ಕೂರುವುದಕ್ಕೆ, ಮಕ್ಕಳನ್ನು ಓಡಾಡಲು ಬಿಡುವುದಕ್ಕೆ ಮಾಡಿದ ಜಾಗ. 1760ರಲ್ಲಿ ಹೈದರ್ ಅಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಸಸ್ಯೋದ್ಯಾನವೆಂದರೆ ನಾನಾ ದೇಶಗಳ ಗಿಡಮರಗಳನ್ನು ತರಿಸಿ ನೆಟ್ಟು, ಹೆಸರು ಗುರುತಿಸಿ, ಈ ನೆಲದಲ್ಲಿ ಅವು ಹೇಗೆ ಒಗ್ಗಿಕೊಳ್ಳುತ್ತವೆಂದು ಪರೀಕ್ಷಿಸಿ, ಒಗ್ಗಿದ್ದನ್ನು ಸುತ್ತಲ ರೈತರಿಗೂ ಮನೆಗಳಿಗೂ ಹಂಚುವ ಸಂಸ್ಥೆ. ಆದುದರಿಂದ ಕಬ್ಬನ್ ಪಾರ್ಕಿನಲ್ಲಿ ಏನನ್ನೂ ನೋಡದೆ ಅರ್ಧ ದಿನ ಕಳೆದುಬಂದರೂ ನಷ್ಟವಿಲ್ಲ, ಆದರೆ ಲಾಲ್‌ಬಾಗಿಗೆ ಹೋಗಿ ನೋಡದೆ ಬಂದರೆ ಹೋದದ್ದೇ ವ್ಯರ್ಥ. ಈ ವಾರದ ವಿಚಾರ ಈ ಎರಡನೆಯದು.

ಲಾಲ್‌ಬಾಗ್ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಾಚರಣೆಗೂ ಹೊಂದಿಕೊಂಡಂತೆ ವರ್ಷಕ್ಕೆರಡು ಬಾರಿ ನಡೆಯುವ ಫಲಪುಷ್ಪ ಪ್ರದರ್ಶನ. ನಾಡಿನ ತೋಟಗಾರರ ಕೈಚಳಕವನ್ನು ಒಂದೆಡೆ ತೋರಿಸುವ ಉತ್ಸವವಾಗಿ ಅದಕ್ಕೆ ಬೆಲೆಯಿದೆ. ಆದರೆ ಮನೆಮಂದಿಯೊಡನೆ ಉದ್ಯಾನವನ್ನು ಸವಿಯಬಯಸುವವರಿಗೆ ವರ್ಷದಲ್ಲೇ ಅತ್ಯಂತ ಅನನುಕೂಲವಾದ ಕಾಲ ಯಾವುದೆಂದು ಕೇಳಿದರೆ, ಇದೇ ಎಂದು ಸಂಕೋಚವಿಲ್ಲದೆ ಹೇಳಬೇಕಾಗುತ್ತದೆ. ಟಿಕೆಟಿನ ಸರದಿ, ಗಾಜಿನ ಮನೆಯ ಸುತ್ತ ಹಗ್ಗ ಕಟ್ಟಿದ ದಾರಿ, ನಿಲ್ಲಗೊಡದ ನೂಕುನುಗ್ಗಲು, ಹೆಗಲ ಮೇಲೆ ಕೂತ ಮಗುವಿಗೆ ಕಾಣುವ ನೂರಾರು ಮೊಬೈಲುಗಳು, ಇವುಗಳ ನಡುವೆ ಸುಮಾರು 240 ಎಕರೆಯ ಉದ್ಯಾನ ಒಂದೇ ಕಟ್ಟಡದ ಅಂಗಳಕ್ಕೆ ಕುಗ್ಗಿಬಿಡುತ್ತದೆ. ಅಲ್ಲಿ ಜೋಡಿಸಿದ ಸೇವಂತಿಗೆ, ಗುಲಾಬಿಗಳು ಕುಂಡದಲ್ಲೋ ಸ್ಪಂಜಿನಲ್ಲೋ ನಿಂತು ಕೆಲವು ದಿನ ಬಾಳಿ ಹೋಗುವಂಥವು. ಉದ್ಯಾನದ ನಿಜವಾದ ಆಸ್ತಿಯಾದ ಮರಗಳತ್ತ ಆ ದಿನಗಳಲ್ಲಿ ತಲೆಯೆತ್ತಿ ನೋಡುವಷ್ಟು ಬಿಡುವು ಯಾರಿಗೂ ಸಿಗುವುದಿಲ್ಲ.

ಗಾಜಿನ ಮನೆಯೂ ಪ್ರದರ್ಶನದ ದಿನಗಳಲ್ಲಿ ಹೂವಿನ ಹಿಂದೆ ಮರೆಯಾಗುತ್ತದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಿಂದ ಪ್ರೇರಿತವಾದ ಈ ಕಟ್ಟಡಕ್ಕೆ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ 1889ರ ನವೆಂಬರ್ 30ರಂದು ಅಡಿಗಲ್ಲಿಟ್ಟ. ಬಿಡಿಭಾಗಗಳಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣವನ್ನು, ಅಂದರೆ ಕರಗಿಸಿ ಅಚ್ಚಿಗೆ ಹೊಯ್ದು ರೂಪಿಸಿದ ಕಬ್ಬಿಣವನ್ನು, ಇಲ್ಲಿ ಜೋಡಿಸಿ ನಿಲ್ಲಿಸಲಾಯಿತು. ಅದು ಬರಿದಾಗಿರುವ ದಿನ ನಡುವೆ ನಿಂತು ಮೇಲೆ ನೋಡಿದರೆ ಮಾತ್ರ ಕಂಬಗಳ ತೆಳುವು, ಕಮಾನುಗಳ ಲೆಕ್ಕಾಚಾರ, ಗೋಡೆಯೇ ಇಲ್ಲದೆ ಬೆಳಕನ್ನು ಒಳಗೆ ಹಿಡಿದಿಡುವ ಉಪಾಯ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಖಾಲಿ ಗಾಜಿನ ಮನೆಯಲ್ಲಿ ನೋಡಲು ಏನಿದೆ ಎಂದು ಕೇಳುವವರಿಗೆ ಇದೇ ಉತ್ತರ.

ಮರಗಳನ್ನು ನೋಡುವುದಕ್ಕೆ ಪಂಚಾಂಗದ ನೆರವು ಬೇಕು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಅರಸರ ಸೇವೆಯಲ್ಲಿದ್ದು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಿ.ಎಚ್. ಕೃಂಬಿಗಲ್ ಅವರ ಹೆಸರಿನೊಡನೆ ಸೇರಿಕೊಂಡಿರುವ ಸರಣಿ ಹೂವಿನ ಕಲ್ಪನೆ ಬೆಂಗಳೂರಿನ ದೊಡ್ಡ ಸೊತ್ತು. ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳಲು ತೊಡಗಿ, ವರ್ಷದ ಯಾವ ತಿಂಗಳಲ್ಲಿಯೂ ನಗರದ ಯಾವುದೋ ಒಂದು ಭಾಗ ಹೂವಿಲ್ಲದೆ ಇರದಂತೆ ಮರಗಳನ್ನು ಆರಿಸಿ ನೆಡುವುದೇ ಆ ಕಲ್ಪನೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಹಳದಿ ಟಬೂಬಿಯಾ ಎಲೆಗಳನ್ನೆಲ್ಲ ಉದುರಿಸಿ ಬರಿಯ ಕೊಂಬೆಗಳ ಮೇಲೆ ಹೂವು ಹೊರುತ್ತದೆ. ಅದರ ಬೆನ್ನಿಗೇ ಜಕರಂಡದ ತಿಳಿನೇರಳೆ, ಏಪ್ರಿಲ್ ದಾಟುವಷ್ಟರಲ್ಲಿ ಗುಲ್‌ಮೊಹರಿನ ಕೆಂಪು, ಜೊತೆಗೆ ಈ ನೆಲದ್ದೇ ಆದ ಕಕ್ಕೆಯ ಚಿನ್ನದ ಜೊಂಪೆ. ಇವುಗಳಲ್ಲಿ ಕಕ್ಕೆಯನ್ನು ಬಿಟ್ಟು ಉಳಿದ ಮೂರೂ ಹೊರದೇಶಗಳಿಂದ ಬಂದವು ಎಂಬುದನ್ನು ಇವಿಲ್ಲದೆ ಬೆಂಗಳೂರನ್ನು ಊಹಿಸಿಕೊಳ್ಳಲಾಗದ ಇಂದಿನ ಪೀಳಿಗೆ ತಿಳಿದಿರುವುದು ಒಳ್ಳೆಯದು. 1932ರಲ್ಲಿ ಕೃಂಬಿಗಲ್ ನಿವೃತ್ತರಾದ ಮೇಲೆ ಎಚ್.ಸಿ. ಜವರಾಯ, ಅನಂತರ ಎಂ.ಎಚ್. ಮರಿಗೌಡ ಈ ಪರಂಪರೆಯನ್ನು ಮುಂದುವರಿಸಿದರು. ಇಂದು ಊರತುಂಬ ಕಾಣುವ ಹಾಪ್‌ಕಾಮ್ಸ್ ಹಣ್ಣುತರಕಾರಿ ಮಳಿಗೆಗಳ ಹಿಂದೆ ಇರುವುದೂ ಮರಿಗೌಡರ ದೂರದೃಷ್ಟಿಯೇ.

ಮಕ್ಕಳೊಡನೆ ಹೋದವರು ಇಡೀ ಉದ್ಯಾನವನ್ನು ಸುತ್ತಿ ಮುಗಿಸುವ ಹಟವನ್ನು ಬಿಟ್ಟು, ಒಂದು ಭೇಟಿಗೆ ಎರಡು ಮರಗಳನ್ನಷ್ಟೇ ಆರಿಸಿಕೊಳ್ಳುವುದು ಲೇಸು. ಮೊದಲನೆಯದಾಗಿ ನಾಗಲಿಂಗದ ಮರವನ್ನು ಸೂಚಿಸಬಹುದು. ಇದರ ಹೂವುಗಳು ಕೊಂಬೆಯ ತುದಿಯಲ್ಲಿ ಬಿಡದೆ ಕಾಂಡದಿಂದಲೇ ಹೊರಟ ಹುರಿಯಂಥ ಗೊಂಚಲುಗಳಲ್ಲಿ ಬಿಡುತ್ತವೆ. ಕಾಂಡದಲ್ಲೇ ಹೂವು ಕಾಯಿ ಬಿಡುವ ಈ ಗುಣ ಹಲಸಿನಲ್ಲಿಯೂ ಅತ್ತಿಯಲ್ಲಿಯೂ ಇದೆಯೆಂದು ಹೇಳಿದರೆ ಮಗುವಿಗೆ ತಟ್ಟನೆ ಅರ್ಥವಾಗುತ್ತದೆ. ನೆಲಕ್ಕೆ ಬಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ ದಪ್ಪನೆಯ ಆರು ಎಸಳುಗಳು, ಅವುಗಳ ನಡುವೆ ಲಿಂಗದಂತೆ ಕಾಣುವ ಅಂಡಾಶಯ, ಅದರ ಮೇಲೆ ಹೆಡೆಯಂತೆ ಬಾಗಿ ಬಂದ ಕೇಸರಗಳ ಹಾಸು ಕಾಣುತ್ತವೆ. ಕೇಸರವೆಂದರೆ ಪರಾಗವನ್ನು ಹೊರುವ ಎಳೆ. ಅಂಡಾಶಯದ ಸುತ್ತ ಉಂಗುರವಾಗಿ ನಿಂತ ಕೇಸರಗಳ ಪರಾಗ ಒಂದು ಬಗೆಯದು, ಹೆಡೆಯಲ್ಲಿರುವ ಪರಾಗ ಇನ್ನೊಂದು ಬಗೆಯದು. ಮಕರಂದವೇ ಇಲ್ಲದ ಈ ಹೂವು ಹೆಡೆಯ ಪರಾಗವನ್ನು ಜೇನ್ನೊಣದ ಆಹಾರಕ್ಕೆಂದೇ ಒದಗಿಸಿ, ಅದು ಉಣ್ಣುತ್ತಿರುವಾಗ ಉಂಗುರದ ಪರಾಗವನ್ನು ಅದರ ಬೆನ್ನಿಗೆ ಸವರಿ ಕಳುಹಿಸುತ್ತದೆ. ಫಿರಂಗಿ ಗುಂಡಿನಂಥ ಇದರ ಕಾಯಿ ತಲೆಯ ಮೇಲೆ ಬಿದ್ದರೆ ಅಪಾಯವಾದುದರಿಂದ ಮರದ ನೇರ ಕೆಳಗೆ ಕೂತು ಪಾಠ ಹೇಳುವುದು ಬೇಡ. ಇಷ್ಟೆಲ್ಲ ದೇವಭಕ್ತಿಗೆ ಪಾತ್ರವಾಗಿ, ಶಿವಾಲಯಗಳ ಅಂಗಳದಲ್ಲಿ ಬೆಳೆದಿರುವ ಈ ಮರದ ತವರು ದಕ್ಷಿಣ ಅಮೆರಿಕ.

ಎರಡನೆಯದು ಬಿಳಿ ಬೂರುಗ. ಲಾಲ್‌ಬಾಗಿನ ಹಳೆಯ ಬೂರುಗದ ಬುಡದಲ್ಲಿ ಹಲಗೆ ಬೇರುಗಳನ್ನು, ಅಂದರೆ ಕಾಂಡದಿಂದ ಹೊರಚಾಚಿ ಗೋಡೆಗಳಂತೆ ನೆಲಕ್ಕಿಳಿದು ದೈತ್ಯ ಮರವನ್ನು ಆನಿಕೊಂಡು ನಿಲ್ಲಿಸುವ ಬೇರುಗಳನ್ನು, ಮುಟ್ಟಿ ನೋಡಬಹುದು. ಮಕ್ಕಳು ಆ ಸಂದುಗಳಲ್ಲಿ ಅವಿತುಕೊಳ್ಳಲು ಹೊರಟರೆ, ಬೇಲಿಯಿರುವಲ್ಲಿ ಮಾತ್ರ ತಡೆದರೆ ಸಾಕು.

ಮರಗಳಿಗಿಂತ ಮಿಗಿಲಾಗಿ ಮಕ್ಕಳನ್ನು ಸೆಳೆಯುವುದು ಉದ್ಯಾನದೊಳಗಿನ ಬಂಡೆ. ಅಲ್ಲೇ ಇರುವ ಹೂವಿನ ಗಡಿಯಾರಕ್ಕಿಂತಲೂ ಇದು ಮೇಲೆಂಬುದರಲ್ಲಿ ಸಂಶಯವಿಲ್ಲ. ಇದು ನೈಸ್ ಎಂಬ ಜಾತಿಯ ಶಿಲೆ, ಅಂದರೆ ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟು, ಖನಿಜಗಳು ಬೇರ್ಪಟ್ಟು ತಿಳಿ ಮತ್ತು ಕಪ್ಪು ಪಟ್ಟೆಗಳಾಗಿ ಹರಡಿಕೊಂಡ ಕಲ್ಲು. ದಕ್ಷಿಣ ಭಾರತದ ಬಹುಭಾಗಕ್ಕೆ ತಳಹದಿಯಾದ ಈ ಶಿಲೆಯ ವಯಸ್ಸನ್ನು ಸುಮಾರು 300 ಕೋಟಿ ವರ್ಷವೆಂದು ಅಂದಾಜಿಸಲಾಗಿದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಂಡೆಯ ಮೇಲೆ ಮಂಡಿಯೂರಿ ಪಟ್ಟೆಗಳ ಮೇಲೆ ಬೆರಳಾಡಿಸುವ ಮಗು ಮುಟ್ಟುತ್ತಿರುವುದು ಹೂವು ಬಿಡುವ ಗಿಡವೊಂದು ಭೂಮಿಯ ಮೇಲೆ ಹುಟ್ಟುವುದಕ್ಕಿಂತ ಬಹಳ ಹಿಂದಿನ ವಸ್ತುವನ್ನು. ನೆತ್ತಿಯಲ್ಲಿರುವ ಚಿಕ್ಕ ಗೋಪುರ ನಗರದ ನಾಲ್ಕು ದಿಕ್ಕುಗಳಲ್ಲಿರುವ ಕೆಂಪೇಗೌಡ ಗೋಪುರಗಳಲ್ಲೊಂದು. ಉಳಿದವು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಊರಿನ ಎಲ್ಲೆಯೆಂದು ಹೇಳಲಾಗುವ ಈ ಗೋಪುರದ ಪಕ್ಕದಲ್ಲಿ ನಿಂತು ಸುತ್ತಲೂ ನೋಡಿದರೆ ಊರು ಎಲ್ಲಿಗೆ ಮುಗಿಯುತ್ತದೆಂಬುದು ಈಗ ತಿಳಿಯುವುದಿಲ್ಲ. ಮಳೆ ಬಂದ ಮರುಗಳಿಗೆ ಬಂಡೆ ಜಾರುತ್ತದೆ, ಮಧ್ಯಾಹ್ನ ಕಾಲು ಸುಡುತ್ತದೆ. ಬೆಳಗಿನ ಎಳೆಬಿಸಿಲೇ ಸರಿ.

ಬಂಡೆ ಹತ್ತಲಾರದ ಅಜ್ಜಿ, ತಾತಂದಿರನ್ನು ಕೆಳಗೆ ಕಲ್ಲುಬೆಂಚಿನಲ್ಲಿ ಚೀಲ ಕಾಯಲು ಕೂರಿಸಿ ಹೋಗುವ ಪದ್ಧತಿ ಮೆಚ್ಚುವಂಥದಲ್ಲ. ಸಸ್ಯೋದ್ಯಾನದಲ್ಲಿ ಹೆಚ್ಚು ತಿಳಿದವರು ಸಾಮಾನ್ಯವಾಗಿ ಅವರೇ. ಯಾವ ಸೊಪ್ಪು ಯಾವ ಕೆಮ್ಮಿಗೆ, ಯಾವ ಹೂವು ಯಾವ ಪೂಜೆಗೆ ಎಂಬುದನ್ನು ಮರದ ಮೇಲಿನ ಫಲಕ ಹೇಳುವುದಿಲ್ಲ. ಮನೆಯ ಹುಳಿಗೆ ಬೀಳುವ ಸೀಮೆಬದನೆಯನ್ನು ಈ ಸೀಮೆಗೆ ಪರಿಚಯಿಸಿದ್ದು ಲಾಲ್‌ಬಾಗ್, 1874ರಿಂದ ಇಲ್ಲಿ ಅಧೀಕ್ಷಕನಾಗಿದ್ದ ಜಾನ್ ಕ್ಯಾಮರಾನನ ಕಾಲದಲ್ಲಿ, ಎಂದು ತಿಳಿಸಿದರೆ ಅಡುಗೆಮನೆಯಲ್ಲಿ ಆಯುಷ್ಯ ಕಳೆದವರಿಗೆ ಉದ್ಯಾನದ ಮೇಲೆ ಬೇರೆಯೇ ಅಕ್ಕರೆ ಮೂಡುತ್ತದೆ. ನಡೆಯಲಾಗದವರಿಗೆ ಬ್ಯಾಟರಿ ವಾಹನವಿದೆ; ಆದರೆ ಅದು ಮರವೊಂದರ ಮುಂದೆ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲವಾದ್ದರಿಂದ, ಸಾಧ್ಯವಿದ್ದವರು ಉದ್ಯಾನದ ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆದು, ಬೆಂಚು ಸಿಕ್ಕಲ್ಲೆಲ್ಲ ಕೂತು ಸಾಗುವುದು ಉತ್ತಮ.

ಹೊರಡುವ ದಿನವನ್ನು ಗೊತ್ತುಪಡಿಸುವಾಗ ಪ್ರದರ್ಶನದ ತಾರೀಖುಗಳನ್ನು ಮೊದಲು ನೋಡಿ, ಅವುಗಳನ್ನು ಬಿಟ್ಟು ಯಾವ ವಾರವನ್ನಾದರೂ ಆರಿಸಿಕೊಳ್ಳಬಹುದು. ಮೆಟ್ರೊದಲ್ಲಿ ಬರುವವರಿಗೆ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಿಂದ ಪಶ್ಚಿಮ ದ್ವಾರ ಹತ್ತಿರ. ಬೆಳಗಿನ ತಿರುಗಾಟ ಮುಗಿಸಿ ಮುಖ್ಯದ್ವಾರದಿಂದ ಹೊರಬೀಳುವವರಿಗೆ, 1924ರಷ್ಟು ಹಿಂದೆ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಆದರೆ ಭಾನುವಾರ ಹೊತ್ತೇರಿದ ಮೇಲೆ ಅಲ್ಲಿಯ ಸರದಿ ಫಲಪುಷ್ಪ ಪ್ರದರ್ಶನದ ಸರದಿಗೇನೂ ಕಡಿಮೆಯಿರುವುದಿಲ್ಲವಾದ್ದರಿಂದ, ಹಸಿದ ಮಕ್ಕಳಿರುವ ಕುಟುಂಬಗಳು ಇಡ್ಲಿಯ ಡಬ್ಬಿಯನ್ನು ಮನೆಯಿಂದಲೇ ತಂದು, ಉದ್ಯಾನಕ್ಕೆ ಹೊಗುವ ಮೊದಲೇ ತಿಂದು ಮುಗಿಸುವುದು ಒಳಿತು.