ಸೆಟಾಂಟಾ ಕಪ್ ನೋಡಲು ಕೂರುವವರಿಗೆ

"ಏಳು ಗೋಲಿನ ಫೈನಲ್ ಇದೆಯಂತಲ್ಲ ಅಂಕಲ್, ಅದನ್ನೇ ಹಾಕಿ" ಎಂದ ಪಕ್ಕದ ಮನೆಯ ಹುಡುಗ. 2013ರದ್ದು: ಶ್ಯಾಮ್‌ರಾಕ್ ರೋವರ್ಸ್ 7, ಡ್ರೊಹೆಡಾ 1. ಎರಡೂ ದಕ್ಷಿಣದ, ಅಂದರೆ ಐರ್ಲೆಂಡ್ ಗಣರಾಜ್ಯದ ತಂಡಗಳೇ. ಐರ್ಲೆಂಡಿನ ಗಡಿಯ ಆಚೆ ಈಚೆಯ ಫುಟ್‌ಬಾಲ್ ಕ್ಲಬ್ಬುಗಳು ಸೆಣಸಲೆಂದೇ ಹುಟ್ಟಿದ ಕಪ್ಪಿನಲ್ಲಿ ಅಷ್ಟು ಸಪ್ಪೆ ಫೈನಲ್ ಇನ್ನೊಂದಿಲ್ಲ.

ಹಳೆಯ ರೆಕಾರ್ಡಿಂಗ್ ಸಿಕ್ಕರೆ ಮೊದಲು ಯಾವ ತಿಂಗಳ ಆಟ ಅಂತ ನೋಡಿ. ದಕ್ಷಿಣದ ಲೀಗ್ 2003ರಿಂದ ಬೇಸಿಗೆಗೆ ಹೊರಳಿತ್ತು. ಮಾರ್ಚ್ ಹೊತ್ತಿಗೆ ಶುರು, ನವೆಂಬರ್ ಹೊತ್ತಿಗೆ ಮುಕ್ತಾಯ. ಉತ್ತರದ್ದು ಆಗಸ್ಟಿನಿಂದ ವಸಂತದ ತನಕ. ಮಾರ್ಚಿನಲ್ಲಿ ಎದುರಾದರೆ ಒಬ್ಬರ ಕಾಲು ಇನ್ನೂ ಪಳಗಿಲ್ಲ, ಇನ್ನೊಬ್ಬರ ಮಂಡಿ ಆಗಲೇ ಸವೆದಿದೆ. ಮೊದಲ ಇಪ್ಪತ್ತು ನಿಮಿಷ ಚೆಂಡು ಬಿಟ್ಟು ದಕ್ಷಿಣದ ಡಿಫೆಂಡರ್‌ನನ್ನೇ ನೋಡಿ: ತಿರುಗುವುದು ಅರೆ ಕ್ಷಣ ತಡ. ಉತ್ತರದ ಹಳೇ ಹುಲಿ ಓಡುವುದೇ ಇಲ್ಲ, ನಿಂತಲ್ಲೇ ಚೆಂಡು ಬರಿಸಿಕೊಳ್ಳುತ್ತಾನೆ. ಎಪ್ಪತ್ತನೇ ನಿಮಿಷದ ಮೇಲೆ ಲೆಕ್ಕ ತಲೆಕೆಳಗು. ರುಚಿ ಇರುವುದು ಅಲ್ಲಿ. ಇಬ್ಬರಿಗೂ ಒಗ್ಗುವ ದಿನ ಹುಡುಕುವ ಇದೇ ಪೇಚು ಕಪ್ಪನ್ನು ಕೊನೆತನಕ ಕಾಡಿತು. 2014ರ ನಂತರ ಅದು ನಡೆಯಲಿಲ್ಲ.

ನನಗೆ ಹುಚ್ಚು ಹಿಡಿದದ್ದು 2005ರ ಮೊದಲ ಫೈನಲ್‌ನಲ್ಲಿ. ಆಗ ಡಬ್ಲಿನ್‌ನಲ್ಲಿ ಕೆಲಸ. ಆಫೀಸಿನವನ ಬಳಿ ಒಂದು ಟಿಕೆಟ್ ಮಿಕ್ಕಿತ್ತು. ಟೋಲ್ಕಾ ಪಾರ್ಕ್, ಶೆಲ್ಬೋರ್ನ್‌ನ ಸ್ವಂತ ಅಂಗಳ, ಎದುರಿಗೆ ಬೆಲ್‌ಫಾಸ್ಟ್‌ನ ಲಿನ್‌ಫೀಲ್ಡ್. 1979ರಲ್ಲಿ ಇದೇ ಲಿನ್‌ಫೀಲ್ಡ್ ಯುರೋಪಿಯನ್ ಕಪ್ಪಿಗೆಂದು ದಕ್ಷಿಣದ ಡಂಡಾಕ್‌ಗೆ ಹೋದಾಗ ಗಲಭೆಯಾಗಿ, ಮರುಪಂದ್ಯವನ್ನು ಹಾಲೆಂಡಿನ ಹಾರ್ಲೆಮ್‌ಗೆ ಒಯ್ಯಬೇಕಾಗಿತ್ತು. ಹಾಗಾಗಿ ನನ್ನ ಸುತ್ತಲಿನವರ ಕಣ್ಣು ಮೈದಾನಕ್ಕಿಂತ ಎದುರಿನ ಗ್ಯಾಲರಿಯ ಮೇಲೆ. ಲಿನ್‌ಫೀಲ್ಡ್ ಎರಡನೇ ಗೋಲು ಹೊಡೆದಾಗ ಪಕ್ಕದ ಮುದುಕ ಅರ್ಧ ತಿಂದ ಚಿಪ್ಸ್ ಪೊಟ್ಟಣವನ್ನು ಮೆಲ್ಲಗೆ ಮಡಚಿ ಜೇಬಿಗಿಟ್ಟ. 2-0. ಬೈಯಲಿಲ್ಲ, ಎದ್ದೂ ಹೋಗಲಿಲ್ಲ.

ಕಪ್ಪಿಗೆ ಹೆಸರು ಕೊಟ್ಟ ಟಿವಿ ಚಾನೆಲ್, ಗುಂಪು ಹಂತದ ಅಂಕಪಟ್ಟಿ, ಇವೆಲ್ಲ ಬೇಕಾದವರು ಓದಿಕೊಳ್ಳಿ.

ಡೆರಿ ಸಿಟಿಯ ವಿಷಯ ಮಾತ್ರ ಬಿಡಬೇಡಿ. ಊರು ಉತ್ತರ ಐರ್ಲೆಂಡಿನದು. ಗಲಭೆಯ ಕಾಲದಲ್ಲಿ, 1972ರಲ್ಲಿ, ಅಲ್ಲಿನ ಲೀಗ್ ಬಿಟ್ಟು 1985ರಿಂದ ದಕ್ಷಿಣದ ಲೀಗ್‌ನಲ್ಲಿ ಆಡುತ್ತಿದೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2012ರ ಫೈನಲ್‌ಗೆ ದಕ್ಷಿಣದ ಲೆಕ್ಕದಲ್ಲಿ ಬಂದದ್ದು ಈ ಡೆರಿ, ಉತ್ತರದಿಂದ ಬೆಲ್‌ಫಾಸ್ಟ್‌ನ ಕ್ರುಸೇಡರ್ಸ್, ಆಟವೂ ಬೆಲ್‌ಫಾಸ್ಟ್‌ನ ಓವಲ್‌ನಲ್ಲಿ. 2-2 ಆಗಿ ಪೆನಾಲ್ಟಿಯಲ್ಲಿ ಕ್ರುಸೇಡರ್ಸ್ ಗೆದ್ದಿತು. ಗಡಿಯ ಆಚೆ ಈಚೆ ಸೆಣಸುವ ಕಪ್ಪಿನ ಫೈನಲ್ ಆಡಲು ಯಾರೂ ಗಡಿ ದಾಟಬೇಕಾಗಲಿಲ್ಲ.

ಹುಡುಗನಿಗೆ ಹಾಕಿಕೊಟ್ಟದ್ದು ಇದನ್ನೇ. ಪೆನಾಲ್ಟಿಗೆ ಓಡಿಸಲಾ ಅಂದ; ರಿಮೋಟ್ ಕಸಿದುಕೊಂಡೆ.