ಆಡಿದವರ ನೋಟ: ಒಂದು ಚಲಚ್ಚಿತ್ರವನ್ನು ಕುರಿತ ಪ್ರೇಕ್ಷಕಾಭಿಪ್ರಾಯಗಳು

ವಿಡಿಯೋ ಗೇಮ್‌ಗಳನ್ನು ಆಧರಿಸಿದ ಚಲಚ್ಚಿತ್ರಗಳು ತೆರೆಗೆ ಬಂದಾಗಲೆಲ್ಲ ಪ್ರೇಕ್ಷಕರಿಂದ ಬಹುವಾಗಿ ಕೇಳಿಬರುವ ಆಕ್ಷೇಪವೆಂದರೆ, ‘ಇದು ಆಟದ ಹಾಗಿಲ್ಲ’ ಎಂಬುದು. ಈ ಮಾತನ್ನು ಬಾಲಿಶವೆಂದು ತಳ್ಳಿಹಾಕುವುದು ಸುಲಭ. ನಾವೂ ಬಹುಕಾಲ ಹಾಗೆಯೇ ಮಾಡಿದ್ದೆವು. 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ, ಜ್ಯಾರೆಡ್ ಹೆಸ್ ನಿರ್ದೇಶನದ ‘ಎ ಮೈನ್‌ಕ್ರಾಫ್ಟ್ ಮೂವಿ’ಯನ್ನು ಕುರಿತು ಬೆಂಗಳೂರಿನ ಉತ್ತರಕ್ಕಿರುವ ಸಿಂಗಾಪುರದಲ್ಲಿ ನೆರೆಮನೆಯ ಹುಡುಗರು ಆಡಿಕೊಂಡ ಮಾತುಗಳನ್ನು ಕೇಳಿದ ಮೇಲೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಯಿತು.

ಮೂಲದೊಡನೆ ಹೋಲಿಸಿ ಚಿತ್ರವನ್ನು ಅಳೆಯುವುದು ನಮ್ಮಲ್ಲಿ ಹೊಸದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ‘ನಾಗರಹಾವು’ ಚಿತ್ರವನ್ನು ರಚಿಸಿದಾಗ ಸ್ವತಃ ಕಾದಂಬರಿಕಾರರಿಗೇ ಅದು ತೃಪ್ತಿ ಕೊಡಲಿಲ್ಲ. ಜನರಾದರೋ ಮುಗಿಬಿದ್ದು ನೋಡಿದರು. ಅಲ್ಲಿ ಹೋಲಿಕೆಗೆ ಆಧಾರವಿತ್ತು: ರಾಮಾಚಾರಿಯೆಂಬ ಪಾತ್ರವಿತ್ತು, ಚಿತ್ರದುರ್ಗವಿತ್ತು, ಓದುಗನ ಮನಸ್ಸಿನಲ್ಲಿ ಒಂದು ಕಥೆಯಿತ್ತು. ಮೈನ್‌ಕ್ರಾಫ್ಟ್ ಆಟದಲ್ಲಾದರೋ ಆಡುವವನು ಅನುಸರಿಸಲೇಬೇಕಾದ ಕಥೆಯೆಂಬುದೇ ಇಲ್ಲ. ಸ್ವೀಡನ್ನಿನ ಮೊಯಾಂಗ್ ಸಂಸ್ಥೆ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಆಟದ ಲೋಕವೆಲ್ಲ ಚೌಕದ ತುಂಡುಗಳಿಂದಾದುದು. ಹಗಲಿನಲ್ಲಿ ಮರ ಕಡಿದು, ಕಲ್ಲು ಅಗೆದು, ಕತ್ತಲಾಗುವುದರೊಳಗೆ ಒಂದು ಗೂಡನ್ನು ಕಟ್ಟಿಕೊಳ್ಳಬೇಕು; ಇರುಳಾದೊಡನೆ ಪ್ರೇತಗಳು ಬರುತ್ತವೆ. ಮುಂದಿನದೆಲ್ಲ ಆಡುವವನ ಇಚ್ಛೆ.

ಹೀಗಿರುವಲ್ಲಿ ‘ಆಟದ ಹಾಗಿಲ್ಲ’ ಎಂಬ ಮಾತಿಗೆ ಅರ್ಥವೇನು? ಆ ಹುಡುಗರಲ್ಲಿ ಒಬ್ಬನು ಸಿಂಗಾಪುರದ ಕೆರೆಯನ್ನೂ ಅದರ ಏರಿಯನ್ನೂ ಆಟದಲ್ಲಿ ತುಂಡು ತುಂಡಾಗಿ ಕಟ್ಟಿದ್ದನು. ಇಡೀ ಬೇಸಗೆ ರಜೆ ಅದಕ್ಕೇ ಹೋಗಿತ್ತಂತೆ. ಚಿತ್ರದಲ್ಲಿ ಏನು ಕೊರತೆಯೆಂದು ಕೇಳಿದುದಕ್ಕೆ ಅವನು, “ಅಲ್ಲಿ ಕಟ್ಟೋದು ನಾವಲ್ವಲ್ಲ ಅಂಕಲ್” ಎಂದನು. ಈ ಉತ್ತರದಲ್ಲಿ ವಿಮರ್ಶೆಯ ಬೀಜವಿದೆಯೆಂದು ನಮಗೆ ತೋರುತ್ತದೆ. ಕಾದಂಬರಿಯ ಓದುಗನು ತಾನು ಕಲ್ಪಿಸಿಕೊಂಡ ಮುಖವನ್ನು ತೆರೆಯ ಮೇಲೆ ಕಾಣದೆ ನೊಂದಾನು. ಆಡಿದವನು ಕಳೆದುಕೊಳ್ಳುವುದು ತನ್ನ ಕೈಯನ್ನೇ. ಚಿತ್ರದಲ್ಲಿ ನಾಲ್ವರು ಅನ್ಯಲೋಕಕ್ಕೆ ಬಿದ್ದು ಮನೆಯ ದಾರಿಯನ್ನರಸುತ್ತಾರೆ. ಜ್ಯಾಕ್ ಬ್ಲ್ಯಾಕ್ ಅಭಿನಯಿಸಿದ ಸ್ಟೀವ್ ಅವರಿಗೆ ಮಾರ್ಗದರ್ಶಿ. ಸೃಷ್ಟಿಶೀಲತೆಯ ಮಹಿಮೆಯನ್ನು ಪಾತ್ರಗಳು ಬಾಯಿತುಂಬ ಹೊಗಳುತ್ತವೆ. ಆದರೆ ಮೊದಲ ಇರುಳಿನ ಆ ಭಯ, ಕೈಗೆ ಸಿಕ್ಕ ಮಣ್ಣಿನಿಂದಲೇ ಗೋಡೆಯೆಬ್ಬಿಸುವ ಆ ತವಕ, ಇವುಗಳಿಗೆ ಚಿತ್ರವು ಸಾಕಷ್ಟು ಕಾಲವನ್ನೇ ಕೊಡುವುದಿಲ್ಲ. ಕಟ್ಟುವ ಕೆಲಸದ ನಿಧಾನವನ್ನು ತೋರಿಸಲು ಸಿನಿಮಾ ಕಲೆಗೆ ಅಶಕ್ಯವೇನಲ್ಲ. ನಿರ್ದೇಶಕರು ಹಾಸ್ಯವನ್ನು ಆರಿಸಿಕೊಂಡರು. ಹುಡುಗನ ದೂರು ಇಲ್ಲಿ ನ್ಯಾಯವಾದುದು.

ಎಲ್ಲ ದೂರುಗಳೂ ಹೀಗೆಯೇ ನ್ಯಾಯವೆಂದು ನಾವು ಹೇಳುತ್ತಿಲ್ಲ. 2019ರಲ್ಲಿ ‘ಸಾನಿಕ್’ ಚಿತ್ರದ ಟ್ರೇಲರ್ ಕಂಡವರು ನಾಯಕಪ್ರಾಣಿಗೆ ಮನುಷ್ಯನ ಹಲ್ಲುಗಳಿರುವುದನ್ನು ನೋಡಿ ಹೌಹಾರಿದರು. ನಿರ್ಮಾಪಕರು ರೂಪವನ್ನೇ ಬದಲಿಸಿ, ಬಿಡುಗಡೆಯನ್ನು 2020ರ ಫೆಬ್ರವರಿಗೆ ಮುಂದೂಡಿದರು. ಫಲಿತಾಂಶ ಒಳ್ಳೆಯದೇ ಆಯಿತು. ಆದರೆ ಕೃತಿ ಸಿದ್ಧವಾಗುವ ಮುನ್ನವೇ ಹೇಳಿ ಮಾಡಿಸಿಕೊಂಡುದು ವಿಮರ್ಶೆಯಲ್ಲ, ದರ್ಜಿಗೆ ಕೊಟ್ಟ ಅಳತೆ.

ಇನ್ನು ಗದ್ದಲದ ವಿಷಯ. ಕೋಳಿಯ ಬೆನ್ನೇರಿ ಬರುವ ಪುಟ್ಟ ಪ್ರೇತವೊಂದು ಆಟದಲ್ಲಿ ಅತಿ ವಿರಳವಾಗಿ ಕಾಣಿಸಿಕೊಳ್ಳುತ್ತದೆ. ಚಿತ್ರದಲ್ಲಿ ಅದು ಬಂದು, ಸ್ಟೀವ್ ಅದರ ಹೆಸರನ್ನು ಕೂಗುವ ಸನ್ನಿವೇಶದಲ್ಲಿ ಅಮೆರಿಕ, ಬ್ರಿಟನ್‌ಗಳ ಚಿತ್ರಮಂದಿರಗಳಲ್ಲಿ ಹುಡುಗರು ಎದ್ದು ನಿಂತು ಕಿರುಚಿ, ಪಾಪ್‌ಕಾರ್ನ್ ಎರಚಿದರು. ಕೆಲವೆಡೆ ಮಂದಿರದವರು ಎಚ್ಚರಿಕೆಯ ಪ್ರಕಟಣೆಯನ್ನೇ ಹಾಕಬೇಕಾಯಿತು. ಇದನ್ನು ಕಂಡು ರಸಾಭಿರುಚಿ ಕೆಟ್ಟಿತೆಂದು ಮರುಗುವವರು ತೆಂಕುತಿಟ್ಟಿನ ‘ದೇವೀಮಹಾತ್ಮೆ’ಯ ಪ್ರದರ್ಶನವನ್ನು ನೆನೆಯಬೇಕು. ಮಹಿಷಾಸುರನು ದೊಂದಿಗಳ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ಅಬ್ಬರಿಸಿ ಬರುವಾಗ ನಿದ್ದೆಹೋದವರೂ ಎದ್ದು ಕೂಗುತ್ತಾರೆ. ಬರುವವನು ಯಾರೆಂಬುದು ಅವರಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಆ ಕೂಗು. (ಪಾಪ್‌ಕಾರ್ನ್ ಗುಡಿಸಬೇಕಾದವರ ಅಭಿಪ್ರಾಯ ಬೇರೆಯಿರಬಹುದು.)

ಕೆರೆ ಕಟ್ಟಿದ ನಮ್ಮ ಹುಡುಗನು ಈ ಚಿತ್ರವನ್ನು ಎರಡು ಸಲ ನೋಡಿದನಂತೆ. ಎರಡನೆಯ ಸಲ ಹೋದುದು ಆ ಕೋಳಿಗಾಗಿಯೇ ಎಂದು ಅವನ ತಂಗಿ ನಮಗೆ ತಿಳಿಸಿದಳು, ಅವನು ಅಲ್ಲಗಳೆಯಲಿಲ್ಲ.