ಭೂಮಣ್ಣಿ ಬುಟ್ಟಿ ಮತ್ತು ಅಲಂಕಾರವಿಚಾರ

ಅಲಂಕಾರವೆಂಬ ಮಾತಿಗೆ ನಮ್ಮ ನಾಡಿನಲ್ಲಿ ಎರಡು ಬಾಳುಗಳುಂಟು. ಪಾಠಶಾಲೆಯಲ್ಲಿ ಅದು ಶಾಸ್ತ್ರ. ಅದಕ್ಕೆ ಭಾಮಹ ದಂಡಿಗಳಿಂದ ಜಗನ್ನಾಥ ಪಂಡಿತನವರೆಗೆ ಆಚಾರ್ಯಪರಂಪರೆಯುಂಟು, ಲಕ್ಷಣವುಂಟು, ಲಕ್ಷ್ಯವುಂಟು, ಖಂಡನಮಂಡನಗಳುಂಟು. ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಒಂದು ಅಲಂಕಾರಗ್ರಂಥ. ಗೃಹಸ್ಥನ ಮನೆಯ ಬಾಗಿಲಿನಲ್ಲಾದರೋ ಅದೇ ಮಾತು ಹೆಂಗಸರ ಹಬ್ಬದ ಕೆಲಸಕ್ಕೆ ಹೆಸರಾಗಿ ನಿಂತಿದೆ. ರಂಗವಲ್ಲಿ, ತೋರಣ, ಕಾರಣೆ, ಗೋಡೆಯ ಚಿತ್ತಾರ ಇವೆಲ್ಲವನ್ನೂ "ಮನೆಯನ್ನು ಅಲಂಕರಿಸಿದ್ದರು" ಎಂಬ ಒಂದು ವಾಕ್ಯದಲ್ಲಿ ಮುಗಿಸುವುದು ಬಲ್ಲವರ ರೂಢಿ. ಉಪಮೆಯೊಂದರ ಭೇದಗಳನ್ನು ದಿನಗಟ್ಟಲೆ ಚರ್ಚಿಸಿದ ಪಂಡಿತವರ್ಗವು ತನ್ನ ಹೊಸಲಿನ ಮುಂದೆ ಪ್ರತಿದಿನವೂ ನಡೆಯುತ್ತಿದ್ದ ಅಲಂಕಾರವನ್ನು ದಾಟಿಕೊಂಡೇ ಪಾಠಶಾಲೆಗೆ ಹೋಯಿತು. ಈ ಎರಡಕ್ಕೂ ಒಂದೇ ಹೆಸರು ಬಂದದ್ದು ಆಕಸ್ಮಿಕವೋ ಸಕಾರಣವೋ ಎಂಬುದನ್ನು ಮಲೆನಾಡಿನ ಒಂದು ಬುಟ್ಟಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಸೀಮೆಗಳಲ್ಲಿಯೂ, ಉತ್ತರಕನ್ನಡದ ಘಟ್ಟದ ಮೇಲಣ ಸಿದ್ದಾಪುರ ಶಿರಸಿಗಳ ಕಡೆಯಲ್ಲಿಯೂ ಆಶ್ವಯುಜ ಮಾಸದ ಪೂರ್ಣಿಮೆಗೆ ಭೂಮಿಹುಣ್ಣಿಮೆಯೆಂದು ಹೆಸರು. ಬಯಲುನಾಡಿನವರು ಇದನ್ನೇ ಸೀಗೆಹುಣ್ಣಿಮೆ ಎನ್ನುವರು. ಆ ವೇಳೆಗೆ ಗದ್ದೆಯ ಭತ್ತವು ಹೊಡೆ ತುಂಬಿ ನಿಂತಿರುತ್ತದೆ. ಹೊಡೆಯೆಂದರೆ ತೆನೆಯನ್ನು ಇನ್ನೂ ಒಡಲಲ್ಲಿ ಇಟ್ಟುಕೊಂಡಿರುವ ಪೈರಿನ ಅವಸ್ಥೆ. ಒಕ್ಕಲಿನ ಕಣ್ಣಿಗೆ ಆಗ ಭೂಮಿಯು ಬಸುರಿ. ಅವಳ ಬಯಕೆಯನ್ನು ತೀರಿಸುವುದು ತವರಿನವರ ಧರ್ಮ. ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ನಿದ್ದೆಗೆಟ್ಟು ಹಲವು ಬಗೆಯ ಸೊಪ್ಪು ತರಕಾರಿಗಳನ್ನು ಬೇಯಿಸಿ ಚರಗವನ್ನು ಸಿದ್ಧಪಡಿಸುತ್ತಾರೆ. ಬೆಳಕು ಹರಿಯುವ ಮುನ್ನ ಗಂಡಸರು ಅದನ್ನು ಬುಟ್ಟಿಯಲ್ಲಿ ಹೊತ್ತು, ಕೂಗಿ ಕರೆಯುತ್ತ ಗದ್ದೆಗೆ ಬೀರುತ್ತಾರೆ. ಬಳಿಕ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೈರಿಗೆ ಪೂಜೆ ಸಲ್ಲಿಸಿ, ಎಡೆಯಿಟ್ಟು, ಅಲ್ಲಿಯೇ ಊಟಮಾಡುತ್ತಾರೆ. ಈ ಕಾರ್ಯಕ್ಕೆಂದು ದೀವರ ಮನೆಗಳಲ್ಲಿ ಚಿತ್ತಾರ ಬರೆದು ಸಿಂಗರಿಸುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಭೂಮಿಹುಣ್ಣಿಮೆಯೆಂಬುದು ಜನರ ಬಾಯಲ್ಲಿ ಸವೆದು ಭೂಮಣ್ಣಿಯಾಗಿದೆ. ಬುಟ್ಟಿಗಳು ಎರಡು: ಪೂಜೆಯ ಸಾಮಗ್ರಿಗೂ ಅಡಿಗೆಗೂ ದೊಡ್ಡದೊಂದು, ಚರಗಕ್ಕೆ ಚಿಕ್ಕದೊಂದು.

ಬುಟ್ಟಿಯ ಸಿದ್ಧತೆ ನವರಾತ್ರಿ ಕಳೆಯುವ ಹೊತ್ತಿಗೆ ಮೊದಲಾಗುತ್ತದೆ. ಹೆಣೆದ ಬುಟ್ಟಿಗೆ ಮೊದಲು ಸಗಣಿಯನ್ನು ಬಳಿದು ಒಣಗಿಸಿ, ಅದರ ಮೇಲೆ ಕೆಮ್ಮಣ್ಣನ್ನು ಲೇಪಿಸುವರು. ಆ ಕೆಂಪಿನ ನೆಲದ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪಿನಿಂದ ಎಳೆಗಳನ್ನು ಎಳೆಯುವರು. ಕುಂಚವೆಂಬುದು ಪುಂಡಿಯ ನಾರು, ಅಷ್ಟೆ. ಇದೇ ಕೈ, ಇದೇ ನಾರು ಮದುವೆಯ ಮನೆಯಲ್ಲಿ ಹಸೆಗೋಡೆಯ ಚಿತ್ತಾರವನ್ನೂ ಬರೆಯುತ್ತದೆ. ಅಲ್ಲಿ ಬಿಳುಪು ಕೆಂಪುಗಳ ಜೊತೆಗೆ ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ ಸೇರಿ ಬಣ್ಣಗಳು ನಾಲ್ಕಾಗುತ್ತವೆ. ಅಳತೆಗೋಲಿಲ್ಲ, ಕರಡುಗೆರೆಯಿಲ್ಲ, ತಾಯಿಯ ಕೈಯನ್ನು ನೋಡಿ ಮಗಳ ಕೈ ಕಲಿಯುವುದೇ ಇದರ ಗುರುಕುಲ.

ಇಂಥ ಕೆಲಸವನ್ನು ಶಾಸ್ತ್ರಕಾರರು ಅರಿಯದವರಲ್ಲ. ವಾತ್ಸ್ಯಾಯನನು ಹೇಳಿದ ಅರುವತ್ತನಾಲ್ಕು ಕಲೆಗಳಲ್ಲಿ ಅಕ್ಕಿ ಹೂಗಳಿಂದ ರಚನೆಮಾಡುವ ತಂಡುಲಕುಸುಮಬಲಿವಿಕಾರವೆಂಬುದು ಒಂದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಚಿತ್ರಭೇದಗಳನ್ನು ಹೇಳುವಾಗ ಪುಡಿಯಿಂದ ಬರೆಯುವ ಧೂಲಿಚಿತ್ರಕ್ಕೂ ಸ್ಥಾನ ಕೊಟ್ಟಿದ್ದಾನೆ. ಹೀಗೆ ಹೆಸರು ದೊರೆತರೂ ವಿಮರ್ಶೆ ದೊರೆಯಲಿಲ್ಲ. ಕಾವ್ಯಕ್ಕೆ ಸಹೃದಯನು ಹುಟ್ಟಿದಂತೆ ಬುಟ್ಟಿಗೆ ಹುಟ್ಟಲಿಲ್ಲ. ಅದಕ್ಕೆ ಹೇಳುವ ಕಾರಣ ಇದು: ಇಲ್ಲಿ ಹೊಸ ಕಲ್ಪನೆಯಿಲ್ಲ, ಅಜ್ಜಿ ಬರೆದುದನ್ನೇ ಮೊಮ್ಮಗಳು ಬರೆಯುತ್ತಾಳೆ, ಆದುದರಿಂದ ಇದು ಆಚಾರವೇ ಹೊರತು ಕಲೆಯಲ್ಲ, ಬರಿಯ ಅಲಂಕಾರ.

ಈ ಆಕ್ಷೇಪದ ಮೊದಲ ಭಾಗಕ್ಕೆ ಉತ್ತರ ಸುಲಭ. ಮುಖಕ್ಕೆ ಚಂದ್ರನನ್ನೂ ಕಣ್ಣಿಗೆ ಕಮಲವನ್ನೂ ಸಾವಿರ ವರ್ಷ ಹೋಲಿಸುತ್ತ ಬಂದ ಮಹಾಕವಿಗಳನ್ನು ಪುನರುಕ್ತಿದೋಷಕ್ಕಾಗಿ ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲ. ಕವಿಸಮಯವೆಂಬುದು ಕಾವ್ಯಕ್ಕೆ ಸಲ್ಲುವುದಾದರೆ ಚಿತ್ತಾರಕ್ಕೂ ಸಲ್ಲಬೇಕು. ಎರಡನೆಯ ಭಾಗವಾದ "ಬರಿಯ ಅಲಂಕಾರ" ಎಂಬ ಮಾತನ್ನು ಮಾತ್ರ ನಿಧಾನವಾಗಿ ನೋಡತಕ್ಕದ್ದು. ಏಕೆಂದರೆ ಈ ಮಾತನ್ನು ಆಡುವವರು ಅಲಂ ಎಂಬ ಶಬ್ದದ ಅರ್ಥವನ್ನು ಮರೆತಿದ್ದಾರೆ.

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ಯಾರಿಗಾದರೂ ತಿಳಿದಿರುವಂತೆ ಅಮರಸಿಂಹನು ಅಲಂ ಎಂಬ ಅವ್ಯಯಕ್ಕೆ ನಾಲ್ಕು ಅರ್ಥಗಳನ್ನು ಕೊಡುತ್ತಾನೆ: ಭೂಷಣ, ಪರ್ಯಾಪ್ತಿ, ಶಕ್ತಿ, ವಾರಣ. ಸೊಗಸು ಅವುಗಳಲ್ಲಿ ಒಂದು ಮಾತ್ರ. ಪರ್ಯಾಪ್ತಿಯೆಂದರೆ ಸಾಲುವುದು, ಕೆಲಸಕ್ಕೆ ತಕ್ಕಷ್ಟಾಗುವುದು. ಶಕ್ತಿಯೆಂದರೆ ಸಮರ್ಥವಾಗುವುದು. ವಾರಣವೆಂದರೆ "ಸಾಕು" ಎಂದು ತಡೆಯುವುದು. ಆನಂದ ಕುಮಾರಸ್ವಾಮಿಯವರು 1939ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ಬಗೆಯ ಮಾತುಗಳನ್ನೇ ಶೋಧಿಸಿ, ಅಲಂಕಾರ ಭೂಷಣಗಳೆಂಬುವು ಮೊದಲು ಒಂದು ವಸ್ತುವನ್ನು ಅದರ ಕಾರ್ಯಕ್ಕೆ ಸಜ್ಜುಗೊಳಿಸುವುದಕ್ಕೆ ಹೆಸರಾಗಿದ್ದುವೆಂದೂ, ಹೊರಗಿನಿಂದ ಹೇರಿದ ಸೊಗಸೆಂಬ ಅರ್ಥವು ಅನಂತರ ಬಂದುದೆಂದೂ ತೋರಿಸಿಕೊಟ್ಟರು. ಈ ನಾಲ್ಕು ಅರ್ಥಗಳನ್ನೇ ಒರೆಗಲ್ಲಾಗಿ ಮಾಡಿಕೊಂಡು ಬುಟ್ಟಿಯನ್ನು ಪರೀಕ್ಷಿಸಬಹುದು.

ಭೂಷಣದ ವಿಷಯದಲ್ಲಿ ವಿವಾದವಿಲ್ಲ. ಕೆಂಪಿನ ಮೇಲೆ ಬಿಳಿಯ ಎಳೆಗಳು ಕೂಡಿ ಅಗಲಿ ಮತ್ತೆ ಕೂಡುವುದನ್ನೂ, ಭತ್ತದ ಸಸಿಗಳ ಸಾಲನ್ನೂ ನೋಡಿದ ಕಣ್ಣಿಗೆ ಬೇರೆ ಪ್ರಮಾಣ ಬೇಡ.

ಪರ್ಯಾಪ್ತಿಯನ್ನು ನೋಡಿ. ಹೆಣಿಗೆಯ ಸಂದುಗಳನ್ನು ಸಗಣಿಯು ಮುಚ್ಚುತ್ತದೆ. ಸಂದು ಮುಚ್ಚಿದ ಬುಟ್ಟಿಯಲ್ಲಿ ಅನ್ನ ನಿಲ್ಲುತ್ತದೆ. ಅದರ ಮೇಲೆ ಕೆಮ್ಮಣ್ಣು ಹಿಡಿಯುತ್ತದೆ; ಕೆಮ್ಮಣ್ಣು ಹಿಡಿದಲ್ಲಿ ಅಕ್ಕಿಯ ಬಿಳುಪು ಕೂರುತ್ತದೆ. ಉಪಯೋಗವು ಎಲ್ಲಿ ಮುಗಿದು ಸೊಗಸು ಎಲ್ಲಿ ತೊಡಗಿತೆಂದು ಬೆರಳಿಟ್ಟು ತೋರಿಸುವುದು ಅಸಾಧ್ಯ. ಇನ್ನೂ ಒಂದು ಸ್ವಾರಸ್ಯವೆಂದರೆ, ಭೂಮಿಗೆ ಅನ್ನವನ್ನು ಒಯ್ಯುವ ಪಾತ್ರೆಯ ಬಣ್ಣಗಳೂ ಭೂಮಿಯಿಂದಲೇ ಬಂದಿವೆ: ಕೆಂಪು ಮಣ್ಣಿನದು, ಬಿಳುಪು ಕಳೆದ ವರ್ಷದ ಬೆಳೆಯದು. ಕೊಟ್ಟವಳಿಗೆ ಕೊಟ್ಟುದನ್ನೇ ಸಂಸ್ಕರಿಸಿ ಹಿಂದಿರುಗಿಸುವ ಈ ಔಚಿತ್ಯವನ್ನು ಕ್ಷೇಮೇಂದ್ರನು ಕಂಡಿದ್ದರೆ ತನ್ನ ಉದಾಹರಣೆಗಳಲ್ಲಿ ಸೇರಿಸಿಕೊಳ್ಳುತ್ತಿದ್ದನು.

ಶಕ್ತಿಯು ಕೈಯಲ್ಲಿದೆ. ದುಂಡಗಿನ, ಏರಿಳಿತಗಳುಳ್ಳ ಬುಟ್ಟಿಯ ಮೈಮೇಲೆ ನಾರಿನ ತುದಿಯಿಂದ ಸಮಾಂತರವಾದ ಎಳೆಗಳನ್ನು ಸುತ್ತಲೂ ನಡೆಯಿಸಿ, ಹೊರಟ ಸ್ಥಳಕ್ಕೇ ತಂದು ಮುಟ್ಟಿಸುವುದು ಸಾಮಾನ್ಯ ಸಾಧನೆಯಲ್ಲ. ತಪ್ಪಿದ ಎಳೆಯನ್ನು ಅಳಿಸಿದರೆ ಕೆಂಪು ಕಲಕಿಹೋಗುವುದು. ಆದುದರಿಂದ ಬರೆಯುವವಳು ಮುಂದಿನ ಹತ್ತು ಎಳೆಗಳನ್ನು ಮೊದಲೇ ಮನಸ್ಸಿನಲ್ಲಿ ಕಂಡಿರಬೇಕು. ಒಂದೇ ಮಾದರಿಯನ್ನು ಬರೆದ ಇಬ್ಬರ ಬುಟ್ಟಿಗಳನ್ನು ಜೊತೆಗಿಟ್ಟರೆ, ಒಬ್ಬಳ ಕೈ ಬಿಗಿ, ಇನ್ನೊಬ್ಬಳದು ಸಡಿಲ ಎಂಬುದನ್ನು ಆ ಕೇರಿಯ ಹೆಂಗಸರು ಕೂಡಲೇ ಹೇಳಬಲ್ಲರು. ವಿಮರ್ಶೆಯು ಹುಟ್ಟಲಿಲ್ಲವೆಂದು ಮೇಲೆ ಹೇಳಿದ್ದು ಪಂಡಿತರ ವಿಷಯದಲ್ಲಿ ಮಾತ್ರ ಸತ್ಯ.

ವಾರಣವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಬಣ್ಣಗಳು ಇಷ್ಟೇ, ಎಳೆಯ ದಪ್ಪ ಇಷ್ಟೇ, ಕೆಂಪು ಕಾಣುವಷ್ಟು ಜಾಗವನ್ನು ಬಿಡಲೇಬೇಕು. ಎಲ್ಲಿ ಕೈಯನ್ನು ತಡೆಯಬೇಕೆಂಬ ವಿವೇಕವಿಲ್ಲದೆ ಈ ಕಲೆಯಿಲ್ಲ. ಅತಿಯಾದ ಅಲಂಕಾರದಿಂದ ಕಾವ್ಯವು ಕೆಡುವುದೆಂದು ಆಲಂಕಾರಿಕರು ಎಚ್ಚರಿಸಿದ್ದನ್ನು ಅಕ್ಷರ ಕಲಿಯದ ಹಿರಿಯಳು "ಸಾಕು ಬಿಡೇ, ಮಣ್ಣು ಕಾಣಲಿ" ಎಂಬ ಮಾತಿನಲ್ಲಿ ಮಗಳಿಗೆ ಕಲಿಸಿಬಿಡುತ್ತಾಳೆ.

ಹೀಗೆ ನಾಲ್ಕು ಅರ್ಥಗಳಲ್ಲಿಯೂ ಬುಟ್ಟಿಯು ತೇರ್ಗಡೆಯಾಗುವುದರಿಂದ, ಅಲಂಕಾರವೆಂಬ ಹೆಸರು ಇದಕ್ಕೆ ಹೀನಾಯವಲ್ಲ, ಪೂರ್ಣವಾದ ಪ್ರಶಸ್ತಿ ಎಂದು ಹೇಳಬಹುದು. ಈ ಒರೆಗಲ್ಲಿಗೆ ಈಚಿನ ರೂಪಗಳನ್ನೂ ತಂದು ಉಜ್ಜಬೇಕಾಗಿದೆ. ಇಂದು ಚಿತ್ತಾರವು ಕಾಗದಕ್ಕೆ, ಬಟ್ಟೆಗೆ, ಹಲಗೆಗೆ ಏರಿ ಚೌಕಟ್ಟಿನೊಳಗೆ ಸೇರಿ ಪಟ್ಟಣದ ಮನೆಗಳ ಗೋಡೆಗಳಲ್ಲಿ ತೂಗುತ್ತಿದೆ. ಅಂಗಡಿಯ ಬಣ್ಣಗಳಿಂದ ಹಸುರು ನೀಲಿಗಳೂ ಬಂದು ಕೂತಿವೆ. ಅಲ್ಲಿ ಭೂಷಣವು ಉಳಿದಿದೆ. ಒಳ್ಳೆಯ ಕೈಯಾದರೆ ಶಕ್ತಿಯೂ ಉಳಿದಿದೆ. ಪರ್ಯಾಪ್ತಿಯು ಹೋಯಿತು, ಏಕೆಂದರೆ ಆ ಚಿತ್ರಕ್ಕೆ ಹೊರುವ ಹೊರೆಯಿಲ್ಲ. ವಾರಣವು ಕೊಳ್ಳುವವನ ಅಭಿರುಚಿಯ ವಶವಾಯಿತು.

ಹಾಗೆಂದು ಮಾರಾಟವನ್ನು ನಿಂದಿಸುವವರ ಪಕ್ಷವೂ ಗ್ರಾಹ್ಯವಲ್ಲ. ಬರೆಯುವ ಹೆಣ್ಣುಮಕ್ಕಳಿಗೆ ಅದರಿಂದ ನಾಲ್ಕು ಕಾಸು ಬರುವುದಾದರೆ ಬೇಡವೆನ್ನಲು ನೋಡುವವನಿಗೆ ಅಧಿಕಾರವಿಲ್ಲ. ಇದಲ್ಲದೆ ಈ ಹಬ್ಬದ ಸೊಗಸನ್ನು ಹೊಗಳುವವರು ಗದ್ದೆಯ ಕಥೆಯನ್ನೂ ನೆನೆಯಬೇಕು. ಭೂಮಿಗೆ ಬಯಕೆಯೂಟ ಉಣ್ಣಿಸಿದವರಲ್ಲಿ ಬಹುಜನರಿಗೆ ಆ ಭೂಮಿಯು ಸ್ವಂತದ್ದಾಗಿರಲಿಲ್ಲ, ಅವರು ಗೇಣಿದಾರರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿಷಯವಾಗಿ ಎದ್ದ ವ್ಯಾಜ್ಯವು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಗಿ ಬೆಳೆದುದು ಪ್ರಸಿದ್ಧವಾಗಿದೆ. ಮನೆಯ ಹೆಂಗಸರು ಎಳೆಯನ್ನು ಕೂದಲೆಳೆಯಷ್ಟೂ ತಪ್ಪದೆ ಎಳೆಯುತ್ತಿದ್ದ ನಾಡಿನಲ್ಲಿ ಒಡೆಯನ ಅಳತೆಯು ತಪ್ಪಿತ್ತೆಂಬುದು ಆ ಹೋರಾಟದ ತಿರುಳು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಶರಾವತಿಯನ್ನು ತಡೆದಾಗ ಆ ಸೀಮೆಯ ಎಷ್ಟೋ ಗದ್ದೆಗಳು, ಚಿತ್ತಾರದ ಗೋಡೆಗಳು ನೀರಿನಡಿಯಾದುವು. 1974ರ ಭೂಸುಧಾರಣೆಯಿಂದ ಅನೇಕ ಗೇಣಿದಾರರು ಒಡೆಯರಾದರು. ಈಗ ಮಣ್ಣಿನ ಗೋಡೆಯ ಸ್ಥಳಕ್ಕೆ ಸಿಮೆಂಟಿನ ಗೋಡೆ, ಎಷ್ಟೋ ಕಡೆ ಭತ್ತದ ಗದ್ದೆಯ ಸ್ಥಳಕ್ಕೆ ಅಡಿಕೆಯ ತೋಟ ಬಂದಿವೆ. ಗೋಡೆ ಹೋದರೂ ಬುಟ್ಟಿ ಉಳಿದಿದೆ. ಬುಟ್ಟಿಯನ್ನು ಇಳಿಸುವ ಗದ್ದೆಯೇ ಕಿರಿದಾಗುತ್ತಿದೆ. ಕಲೆಯ ಕ್ಷಯಕ್ಕೆ ಹೆಣ್ಣುಮಕ್ಕಳ ಉದಾಸೀನವನ್ನು ಕಾರಣವೆನ್ನುವವರು ಇಷ್ಟನ್ನು ಗಮನಿಸಿ ಮಾತನಾಡುವುದು ಯುಕ್ತ.

ಹಾಗಾದರೆ ವಿಮರ್ಶಕನ ಕರ್ತವ್ಯವೇನು? ಎರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುವುದು ಮೊದಲನೆಯದು. ಚೌಕಟ್ಟಿನ ಚಿತ್ತಾರವನ್ನು ಚಿತ್ರವೆಂದು ಮೆಚ್ಚಿ, ಚಿತ್ರಕ್ಕೆ ಕೊಡತಕ್ಕ ಬೆಲೆಯನ್ನು ಕೊಟ್ಟು, ಬರೆದವಳ ಹೆಸರನ್ನು ಅದರಡಿ ಬರೆಯಿಸುವುದು ನ್ಯಾಯ. ಬುಟ್ಟಿಯನ್ನಾದರೋ ಬುಟ್ಟಿಯೆಂದೇ ಮೆಚ್ಚಬೇಕು. ಈಚಿನ ವರ್ಷಗಳಲ್ಲಿ ಭೂಮಣ್ಣಿ ಬುಟ್ಟಿಗಳಿಗೆ ಸ್ಪರ್ಧೆಗಳೂ ಬಹುಮಾನಗಳೂ ನಡೆಯುತ್ತಿರುವುದು ಸಂತೋಷದ ವಿಷಯ. ಆದರೆ ಮೇಜಿನ ಮೇಲೆ ಸಾಲಾಗಿ ಇಟ್ಟ ಖಾಲಿ ಬುಟ್ಟಿಗಳನ್ನು ನೋಡಿ ತೀರ್ಪುಗೊಡುವುದು, ಪದ್ಯವನ್ನು ಓದದೆ ಅಕ್ಷರದ ದುಂಡಗೆಯನ್ನು ನೋಡಿ ಕವಿಗೆ ಬಹುಮಾನ ಕೊಟ್ಟಂತೆ. ತೀರ್ಪುಗಾರರು ಹುಣ್ಣಿಮೆಯ ಬೆಳಗ್ಗೆ ಗದ್ದೆಯ ಬದುವಿನ ಮೇಲೆ ನಿಂತಿರಲಿ. ಅನ್ನದ ಭಾರಕ್ಕೆ ಯಾವುದು ತಾಳಿತು, ಇಬ್ಬನಿಗೆ ಯಾವ ಎಳೆ ಕರಗಲಿಲ್ಲ, ಹಸುರು ಪೈರಿನ ನಡುವೆ ಯಾವ ಕೆಂಪು ಎದ್ದು ಕಂಡಿತು ಎಂಬುದನ್ನು ನೋಡಿ ಹೇಳಲಿ.

ಬುಟ್ಟಿಯು ಚರಗವನ್ನು ಬೀರಿ ಮನೆಗೆ ಮರಳುವಾಗ ಅಂಚಿನಲ್ಲಿ ಅನ್ನದ ಅಗುಳು ಅಂಟಿರುತ್ತದೆ, ಬಿಳಿಯ ಎಳೆಗಳು ಅಲ್ಲಲ್ಲಿ ಉಜ್ಜಿಹೋಗಿರುತ್ತವೆ. ಅಂದು ಅದನ್ನು ನೋಡಿದವನಿಗೆ ಅಲಂ ಎಂಬ ಮಾತಿನ ನಾಲ್ಕು ಅರ್ಥಗಳೂ ಕೋಶದ ಸಹಾಯವಿಲ್ಲದೆ ತಿಳಿಯುವುವು.